ಸಸಿ ನೆಟ್ಟು ಅಲ್ಲೇ ನಿಂತ ಕೃಂಬಿಗಲ್

ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯಲ್ಲಿ ಓಡಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಆ ಹೆಸರಿನ ಮನುಷ್ಯ ಬೆಂಗಳೂರಿಗೆ ಬರುವ ಮುಂಚೆ ಹದಿನಾಲ್ಕು ವರ್ಷ ಇಲ್ಲೇ, ನಾನೀಗ ನೌಕರಿ ಮಾಡುತ್ತಿರುವ ವಡೋದರಾದಲ್ಲಿ, ಸಂಸ್ಥಾನದ ತೋಟಗಳನ್ನು ನೋಡಿಕೊಳ್ಳುತ್ತಿದ್ದರು. ಆಗ ಈ ಊರು ಬರೋಡಾ. ಇಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಹೇಳಿದರೆ ಹೌದೇನ್ರೀ ಎಂದು ಹುಬ್ಬೇರಿಸುತ್ತಾರೆ. ವಿಶ್ವಾಮಿತ್ರಿ ನದಿಯ ದಡದ ಸಯಾಜಿ ಬಾಗಿನಲ್ಲಿ ಬೆಳಗಿನ ವಾಕಿಂಗ್ ಮಾಡುತ್ತಾ ನಾವು ಲಾಲ್‌ಬಾಗನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತೇವೆ. ಅವರು ಇದೇ ಊರಿನಿಂದ ಲಾಲ್‌ಬಾಗಿಗೆ ಹೋದವರು.

ಈಗ ಅವರನ್ನು ನೆನೆಯಲು ಕಾರಣ ಮಳೆ. ಪ್ರತಿವರ್ಷ ಜೂನ್ ಬಂತೆಂದರೆ ನಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ಅದೇ ಮಾತು. ತವರಿಂದ ತಂದ ಸಂಪಿಗೆ ಸಸಿ ಎರಡೇ ತಿಂಗಳಲ್ಲಿ ಒಣಗಿತು. ಅಮ್ಮನ ಮನೆಯ ಕರಿಬೇವಿನ ಮರಿ ರೈಲಿನಲ್ಲಿ ಚೆನ್ನಾಗಿಯೇ ಇತ್ತು, ಹಿತ್ತಲಲ್ಲಿ ನೆಟ್ಟ ಮೇಲೆ ಸತ್ತಿತು. ಇಲ್ಲಿಯ ನೀರು ಸರಿಯಿಲ್ಲ, ಮಣ್ಣು ಸರಿಯಿಲ್ಲ, ಕೈಗುಣ ಸರಿಯಿಲ್ಲ. ಮಣ್ಣಿನ ವಿಷಯದಲ್ಲಿ ಸ್ವಲ್ಪ ನಿಜ ಇದೆ. ಉಳಿದದ್ದಕ್ಕೆ ಉತ್ತರ ಬೇಕಾದರೆ ಜೀವನವಿಡೀ ಒಂದು ನೆಲದ ಗಿಡವನ್ನು ಇನ್ನೊಂದು ನೆಲದಲ್ಲಿ ಬದುಕಿಸುವುದೇ ಕಸುಬಾಗಿದ್ದವರ ಕಡೆ ನೋಡಬೇಕು.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡನ್ ನಗರದ ಹತ್ತಿರದ ಲೋಮನ್ ಎಂಬ ಸಣ್ಣ ಊರಿನಲ್ಲಿ. ತೋಟಗಾರಿಕೆ ಕಲಿತದ್ದು ಪಿಲ್‌ನಿಟ್ಸ್‌ನಲ್ಲಿ. ಎಲ್ಬೆ ನದಿಯ ದಡದಲ್ಲಿ ಸ್ಯಾಕ್ಸನಿಯ ಅರಸರ ಬೇಸಿಗೆ ಅರಮನೆ ಇದ್ದ ಜಾಗ ಅದು. ಆ ತೋಟದಲ್ಲಿ ಒಂದು ಕ್ಯಾಮೆಲಿಯಾ ಮರ ಇದೆ. ಜಪಾನಿನ ಕಡೆಯ ಗಿಡ. 1801ರಲ್ಲಿ ಈಗಿರುವ ಜಾಗದಲ್ಲಿ ನೆಟ್ಟರು. ಹಿಮ ಬೀಳುವ ಆ ಸೀಮೆಯಲ್ಲಿ ಅದು ಬಯಲಲ್ಲಿ ಉಳಿಯುವ ಜಾತಿಯಲ್ಲ. ಆದರೂ ಇವತ್ತಿಗೂ ಇದೆ, ವರ್ಷ ವರ್ಷ ಸಾವಿರಾರು ಹೂ ಬಿಡುತ್ತದೆ. ಹೇಗೆಂದರೆ ಪ್ರತಿ ಚಳಿಗಾಲ ಬರುವ ಮುಂಚೆ ಮೊದಮೊದಲು ಹುಲ್ಲು, ಚಾಪೆ ಹೊದಿಸಿದರು, ಆಮೇಲೆ ಮರದ ಗೂಡು ಕಟ್ಟಿ ಒಳಗೆ ಬೆಚ್ಚಗಿಟ್ಟರು, ಈಗ ಗಾಜಿನ ಮನೆಯನ್ನೇ ಹಳಿಯ ಮೇಲೆ ತಳ್ಳಿಕೊಂಡು ಬಂದು ಮುಚ್ಚುತ್ತಾರೆ. ಕೃಂಬಿಗಲ್ ಅಲ್ಲಿ ಕಲಿಯುವ ಹೊತ್ತಿಗೆ ಆ ಮರಕ್ಕೆ ಎಂಬತ್ತು ವರ್ಷಗಳ ಆರೈಕೆ ಆಗಿತ್ತು. ನೆಟ್ಟದ್ದು ಒಂದು ದಿನದ ಕೆಲಸ, ಉಳಿಸಿದ್ದು ಮೂರು ತಲೆಮಾರಿನ ತೋಟಗಾರರ ಕೆಲಸ. ತೋಟದ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ ಎಂದು ನನಗೆ ಅನಿಸುತ್ತದೆ.

ಅಲ್ಲಿಂದ ಜರ್ಮನಿಯ ಒಂದೆರಡು ಕಡೆ ಕೆಲಸ ಮಾಡಿ 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿಗಳನ್ನು ರೂಪಿಸಿದರು, ನಂತರ ಕ್ಯೂ ಸಸ್ಯೋದ್ಯಾನ ಸೇರಿದರು. ಆ ಕಾಲದಲ್ಲಿ ಕ್ಯೂ ಅಂದರೆ ಇಡೀ ಬ್ರಿಟಿಷ್ ಸಾಮ್ರಾಜ್ಯದ ನರ್ಸರಿ. ಬ್ರೆಜಿಲ್ಲಿನ ರಬ್ಬರ್ ಬೀಜ ಅಲ್ಲಿ ಮೊಳೆತು ಏಷ್ಯಾಕ್ಕೆ ಬಂದದ್ದು ನಿಮಗೆ ಗೊತ್ತಿರಬಹುದು. ಸಸಿಗಳನ್ನು ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸಲು ವಾರ್ಡಿಯನ್ ಪೆಟ್ಟಿಗೆ ಎಂಬ ಗಾಜಿನ ಪೆಟ್ಟಿಗೆ ಬಳಸುತ್ತಿದ್ದರು. ಒಳಗಿನ ತೇವ ಆವಿಯಾಗಿ ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತದೆ. ಉಪ್ಪುಗಾಳಿ ಒಳಗೆ ಬರುವುದಿಲ್ಲ. ಅದಕ್ಕೆ ಮುಂಚೆ ಹಡಗಿನ ಅಟ್ಟದ ಮೇಲೆ ಇಟ್ಟ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು.

ಪೆಟ್ಟಿಗೆಯಿಂದ ಹೊರತೆಗೆದ ಗಿಡವನ್ನು ಅದೇ ದಿನ ಬಿಸಿಲಿಗೆ ಇಟ್ಟು ನೆಡುವ ಹಾಗಿಲ್ಲ. ಮೊದಲು ಪೂರ್ತಿ ನೆರಳು, ಆಮೇಲೆ ಅರೆನೆರಳು, ಆಮೇಲೆ ಬಯಲು. ಊರಿಂದ ತಂದ ಸಸಿಯನ್ನು ಭಾನುವಾರ ರೈಲಿಳಿದು ಭಾನುವಾರವೇ ನೆಟ್ಟು ಸೋಮವಾರ ಆಫೀಸಿಗೆ ಹೋಗುವವರು ಇದನ್ನು ಗಮನಿಸಬೇಕು. ಪ್ರಯಾಣ ಮಾಡಿದ ಗಿಡಕ್ಕೆ ಎರಡು ವಾರ ನೆರಳಿನಲ್ಲಿ ಸುಧಾರಿಸಿಕೊಳ್ಳಲು ಬಿಡಿ.

1893ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ, ಕೃಂಬಿಗಲ್ ಬರೋಡಾಕ್ಕೆ ಬಂದರು. ಮೂರನೇ ಸಯಾಜಿರಾವ್ ಗಾಯಕವಾಡರ ಆಳ್ವಿಕೆ. ಶಾಲೆ, ಗ್ರಂಥಾಲಯ, ತೋಟ ಎಂದು ಹಣ ಸುರಿಯುತ್ತಿದ್ದ ಅರಸು ಅವರು. ಸಂಸ್ಥಾನದ ಸಸ್ಯೋದ್ಯಾನಗಳ ಹೊಣೆ ಈ ಜರ್ಮನ್ ಯುವಕನಿಗೆ ಬಂತು. ಇಲ್ಲಿಯ ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿದ್ದವರನ್ನೇ ಕೇಳಬೇಕು. ಉಷ್ಣಾಂಶ 42 ಡಿಗ್ರಿ ದಾಟುತ್ತದೆ, ಕಪ್ಪು ಮಣ್ಣು ಕೈ ತೂರುವಷ್ಟು ಅಗಲ ಬಿರುಕು ಬಿಡುತ್ತದೆ. ಮಳೆ ಬಂದರೆ ಅದೇ ಮಣ್ಣು ಉಬ್ಬಿ ಅಂಟಾಗಿ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅವರು ಇಲ್ಲಿದ್ದಾಗಲೇ 1899-1900ರ ಮಹಾ ಬರಗಾಲ ಬಂತು. ವಿಕ್ರಮ ಶಕೆ 1956ರಲ್ಲಿ ಬಂದದ್ದರಿಂದ ಗುಜರಾತಿಗಳು ಅದನ್ನು ಛಪ್ಪನಿಯೋ ಎಂದು ಇವತ್ತಿಗೂ ಭಯದಿಂದ ನೆನೆಯುತ್ತಾರೆ. ಜನ, ದನ ಲೆಕ್ಕವಿಲ್ಲದಷ್ಟು ಸತ್ತ ವರ್ಷ. ಎಲ್ಬೆ ದಡದಲ್ಲಿ ಹಿಮದಿಂದ ಗಿಡ ಕಾಯುವುದನ್ನು ಕಲಿತವರು ಒಂದು ಕೊಡ ನೀರಿನ ಬೆಲೆ ಕಲಿತದ್ದು ಇಲ್ಲಿ.

ಕಪ್ಪು ಮಣ್ಣಿನಲ್ಲಿ ಸಸಿ ನೆಡುವವರು ಮಾಡಬಾರದ ಕೆಲಸವೊಂದಿದೆ. ಆಳವಾದ ಗುಂಡಿ ತೋಡಿ, ಅದರ ತುಂಬ ನರ್ಸರಿಯ ಹಗುರ ಮಣ್ಣು, ಗೊಬ್ಬರ ತುಂಬಿ ನೆಡುವುದು. ನೋಡಲು ಚೆಂದ. ಆದರೆ ಸುತ್ತ ಜೇಡಿ, ನಡುವೆ ಸಡಿಲ ಮಣ್ಣು ಇದ್ದರೆ ಗುಂಡಿ ಬಾವಿಯಾಗುತ್ತದೆ. ಮಳೆ ನೀರೆಲ್ಲ ಅಲ್ಲಿಗೆ ಇಳಿದು ನಿಲ್ಲುತ್ತದೆ, ಬೇರಿಗೆ ಉಸಿರಿಲ್ಲದೆ ಕೊಳೆಯುತ್ತದೆ. ಎಲೆ ಬಾಡುವುದನ್ನು ನೋಡಿ ನಾವು ಇನ್ನೂ ಎರಡು ಬಕೆಟ್ ನೀರು ಹಾಕುತ್ತೇವೆ. ಇಂಥ ನೆಲದಲ್ಲಿ ಗುಂಡಿ ಆಳಕ್ಕಿಂತ ಅಗಲ ಇರಲಿ. ಬೇರುಗಡ್ಡೆ ಎಷ್ಟು ಎತ್ತರವೋ ಅಷ್ಟೇ ಆಳ, ಅಗಲ ಅದರ ಎರಡು ಮೂರು ಪಟ್ಟು. ತೋಡಿದ ಮಣ್ಣನ್ನೇ ಪುಡಿ ಮಾಡಿ ಸ್ವಲ್ಪ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಬುಡ ಸುತ್ತಲ ನೆಲಕ್ಕಿಂತ ಒಂದೆರಡು ಅಂಗುಲ ಮೇಲಿರಲಿ. ಪುಣೆ, ಸೊಲ್ಲಾಪುರದ ಕಪ್ಪು ನೆಲದವರಿಗೂ ಇದೇ ಮಾತು. ಹೈದರಾಬಾದಿನ ಕೆಂಪು ಕಲ್ಲುನೆಲದಲ್ಲಿ ತೊಂದರೆ ಉಲ್ಟಾ, ನೀರು ನಿಲ್ಲುವುದೇ ಇಲ್ಲ. ಅಲ್ಲಿ ಗುಂಡಿಯ ಸುತ್ತ ಪಾತಿ ಕಟ್ಟಿ ತರಗೆಲೆ ಹೊದಿಸಬೇಕು. ಚೆನ್ನೈನವರು ಜೂನ್‌ನಲ್ಲಿ ನೆಡಲೇಬೇಡಿ. ನಿಮ್ಮ ಮಳೆ ಅಕ್ಟೋಬರಿನದು.

1907ರವರೆಗೆ ಬರೋಡಾದಲ್ಲಿದ್ದು, 1908ರಲ್ಲಿ ಕೃಂಬಿಗಲ್ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡರು. ಮೈಸೂರಿನ ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು. ಲಾಲ್‌ಬಾಗಿನಲ್ಲಿ ಅವರಿಗೆ ಮುಂಚೆ ಇದ್ದವರು ಜಾನ್ ಕ್ಯಾಮರಾನ್, ಅವರೂ ಕ್ಯೂನಿಂದ ಬಂದವರೇ. 1889ರ ಗಾಜಿನ ಮನೆ ಕ್ಯಾಮರಾನ್ ಕಾಲದ್ದು. ಸೀಮೆ ಬದನೆಕಾಯಿ ತಂದವರೂ ಅವರೇ. ಚೆನ್ನೈನ ತರಕಾರಿ ಅಂಗಡಿಯಲ್ಲಿ ಅದನ್ನು ಈಗಲೂ ಬೆಂಗಳೂರು ಕತ್ತರಿಕಾಯಿ ಎಂದು ಮಾರುತ್ತಾರೆ. ಹೊರಗಿನಿಂದ ಬಂದ ಬಳ್ಳಿಗೆ ಬೆಂಗಳೂರಿನ ಹೆಸರೇ ಅಂಟಿಕೊಂಡಿತು ನೋಡಿ.

ನಲವತ್ತೆರಡನೇ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದ ಕೃಂಬಿಗಲ್ ಮತ್ತೆ ಊರು ಬದಲಿಸಲಿಲ್ಲ. ಬೇರೆ ಬೇರೆ ದೇಶಗಳ ಉದ್ಯಾನಗಳ ಜತೆ ಬೀಜ, ಸಸಿ ವಿನಿಮಯ ಮಾಡಿಕೊಂಡರು. ರೋಡ್ಸ್ ಹುಲ್ಲು, ಸೋಯಾ, ರಷ್ಯದ ಸೂರ್ಯಕಾಂತಿ, ಅಮೆರಿಕದ ಮೆಕ್ಕೆಜೋಳ ಮುಂತಾದವನ್ನು ಮೈಸೂರು ಸೀಮೆಯಲ್ಲಿ ಬೆಳೆಸಿ ನೋಡಿದರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನದ ವಿನ್ಯಾಸದಲ್ಲಿ ಅವರ ಕೈಯಿದೆ. ಆದರೆ ಜನ ನೆನಪಿಟ್ಟುಕೊಂಡದ್ದು ರಸ್ತೆಯ ಮರಗಳನ್ನು. ಒಂದೊಂದು ರಸ್ತೆಗೆ ಒಂದೊಂದು ಜಾತಿ, ಒಂದು ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷದ ಯಾವ ತಿಂಗಳಲ್ಲೂ ಊರಿನ ಯಾವುದಾದರೊಂದು ಬೀದಿ ಹೂವಾಗಿರುವಂತೆ ನೆಡಬೇಕು ಎಂಬ ಲೆಕ್ಕಾಚಾರ ಅವರದು. ಫೆಬ್ರವರಿ, ಮಾರ್ಚ್‌ನಲ್ಲಿ ಹಳದಿ ಟಬೂಬಿಯಾ, ಆಮೇಲೆ ನೀಲಿ ಜಕರಂಡ, ಮೇ ಹೊತ್ತಿಗೆ ಕೆಂಪು ಗುಲ್‌ಮೊಹರ್.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಪ್ರತಿವರ್ಷ ಗುಲಾಬಿ ಹೂವಿನ ಫೋಟೊ ಹಾಕಿ ಎಲ್ಲವನ್ನೂ ಕೃಂಬಿಗಲ್ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಈಗ ಬೆಂಗಳೂರಿನಲ್ಲಿ ಕಾಣುವ ರಸ್ತೆ ಮರಗಳಲ್ಲಿ ದೊಡ್ಡ ಪಾಲು 1980ರ ದಶಕದ್ದು, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ನೆಡಿಸಿದ್ದು. ಸುಮಾರು 15 ಲಕ್ಷ ಸಸಿ. ನಮ್ಮದೇ ನಾಡಿನ ಅಧಿಕಾರಿ ಎಂದೋ ಏನೋ, ಅವರ ಹೆಸರು ಹೇಳುವವರು ಕಡಿಮೆ.

ಇನ್ನೊಂದು ಮಾತು. ರಸ್ತೆಗೆ ಒಪ್ಪುವ ಮರ ಮನೆಗೆ ಒಪ್ಪುವುದಿಲ್ಲ. ಗುಲ್‌ಮೊಹರಿನ ಬೇರು ಮೇಲುಮೇಲೆ ಹರಡುತ್ತದೆ, ಕೊಂಬೆ ಪೆಡಸು. ಬೆಂಗಳೂರಿನ ಮೊದಲ ಮಳೆಗೆ ಬೀಳುವ ಮರಗಳಲ್ಲಿ ಅದು ಇದ್ದೇ ಇರುತ್ತದೆ. ಮಳೆಮರವಂತೂ ಮೂವತ್ತು ನಲವತ್ತು ಅಡಿಯ ಸೈಟಿಗೆ ಆನೆ ಕಟ್ಟಿದ ಹಾಗೆ. ಮನೆಯ ಮುಂದೆ ಏನು ಬೇಕು ಎಂಬುದನ್ನು ಬೆಂಗಳೂರಿನ ಜನ ತಾವೇ ಕಂಡುಕೊಂಡಿದ್ದರು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಮನೆಯ ಸುತ್ತ ಗಾಳಿ, ಬೆಳಕು, ಜಾಗ ಇರಬೇಕೆಂಬುದೇ ಅವುಗಳ ಉದ್ದೇಶ. ಆ ಜಾಗದಲ್ಲಿ ತೆಂಗು, ಮಾವು, ಕರಿಬೇವು, ಸಂಪಿಗೆ, ಪಾರಿಜಾತ ಬಂದವು. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಬೇವಿನ ಹೆಸರಿನ ಮಾರ್ಗೋಸ ರಸ್ತೆ ಇರುವುದು ನಿಮಗೆ ಗೊತ್ತೇ ಇದೆ. ಕೃಂಬಿಗಲ್ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಕಟ್ಟಿದಾಗ ಈ ಹೊಸ ಬಡಾವಣೆಗಳು ಬೆಳೆಯುತ್ತಿದ್ದವು. ಅರಮನೆ, ಬಂಗಲೆಗಳ ವಿದ್ಯೆಯಾಗಿದ್ದ ತೋಟಗಾರಿಕೆಗೆ ಸಾಮಾನ್ಯ ಮನೆಯವರ ಬಳಿ ಬರಲು ಸಂಘ, ಫಲಪುಷ್ಪ ಪ್ರದರ್ಶನಗಳು ದಾರಿಯಾದವು. ನನ್ನ ದೃಷ್ಟಿಯಲ್ಲಿ ರಸ್ತೆ ಮರಗಳಿಗಿಂತ ಇದು ದೊಡ್ಡ ಕೆಲಸ.

ಆ ವಿದ್ಯೆಯ ತಿರುಳು ಬೇರಿನಲ್ಲಿದೆ. ಗಿಡವನ್ನು ನೆಲದಿಂದ ಅಗೆದಾಗ ನಮ್ಮ ಕಣ್ಣಿಗೆ ಕಾಣುವ ದಪ್ಪ ಬೇರು ಬರುತ್ತದೆ, ನೀರು ಕುಡಿಯುವ ಕೂದಲಿನಂಥ ಬೇರುಗಳಲ್ಲಿ ಬಹುಪಾಲು ಮಣ್ಣಿನಲ್ಲೇ ಉಳಿಯುತ್ತವೆ. ಮೇಲೆ ಎಲೆ ಮಾತ್ರ ಅಷ್ಟೇ ಇರುತ್ತದೆ. ಕುಡಿಯುವ ಬಾಯಿ ಹೋಗಿದೆ, ಖರ್ಚು ಹಾಗೆಯೇ ಇದೆ. ಗಿಡ ಸಾಯುವುದು ಇದರಿಂದ. ಕರಿಬೇವಿನ ಮರಿ ತರುವವರು ಇದಕ್ಕೆ ಉಪಾಯ ಮಾಡಬಹುದು. ರಜೆಗೆ ಊರಿಗೆ ಹೋದಾಗ ತಾಯಿಗಿಡಕ್ಕೂ ಮರಿಗೂ ನಡುವಿನ ಬೇರನ್ನು ಸನಿಕೆಯಿಂದ ಕಡಿದು, ಮರಿಯನ್ನು ಅಲ್ಲೇ ಬಿಟ್ಟು ಬನ್ನಿ. ಅದು ತನ್ನದೇ ಬೇರು ಬಿಟ್ಟುಕೊಳ್ಳುತ್ತದೆ. ಎರಡು ಮೂರು ತಿಂಗಳ ನಂತರ ಮುಂದಿನ ಬಾರಿ ಹೋದಾಗ ಮಣ್ಣಿನ ಹೆಂಟೆ ಸಮೇತ ಎತ್ತಿ ತನ್ನಿ. ದೊಡ್ಡ ಗಿಡ ಸಾಗಿಸುವವರೂ ಹೀಗೆಯೇ ಮಾಡುತ್ತಾರೆ: ಸುತ್ತ ವೃತ್ತಾಕಾರವಾಗಿ ಬೇರು ಕಡಿದು, ಒಳಗೆ ಹೊಸ ನಾರುಬೇರು ತುಂಬಿಕೊಂಡ ಮೇಲೆ ಎತ್ತುತ್ತಾರೆ. ಕಾಂಡ ಒಂದು ಅಂಗುಲ ದಪ್ಪವಿದ್ದರೆ ಮಣ್ಣಿನ ಗಡ್ಡೆ ಒಂದಡಿಯಾದರೂ ಅಗಲ ಇರಬೇಕೆಂಬುದು ಲೆಕ್ಕ. ಹಲಸು ಮಾತ್ರ ಈ ಯಾವುದಕ್ಕೂ ಬಗ್ಗುವುದಿಲ್ಲ. ಅದರ ತಾಯಿಬೇರಿಗೆ ಪೆಟ್ಟು ಬಿದ್ದರೆ ಮುನಿಸಿಕೊಳ್ಳುತ್ತದೆ. ಹಣ್ಣು ತಿಂದು ಬೀಜವನ್ನು ಬೇಕಾದ ಜಾಗದಲ್ಲೇ ಹಾಕಿಬಿಡಿ.

ನರ್ಸರಿಯಿಂದ ಕೊಳ್ಳುವವರಿಗೆ ಬೇರೆ ಅಪಾಯ. ನಮ್ಮ ಕಾಲೊನಿಯಲ್ಲಿ ಹೋದ ಮಳೆಗಾಲ ಎಲ್ಲರೂ ಸೇರಿ ಹತ್ತಡಿ ಎತ್ತರದ ಬೇವಿನ ಗಿಡಗಳನ್ನು ತರಿಸಿದರು. ದುಡ್ಡು ಕೊಟ್ಟ ಮೇಲೆ ದೊಡ್ಡದೇ ಬೇಕಲ್ಲವೇ ಎಂದರು ಪಕ್ಕದ ಮನೆಯ ಪಟೇಲ್ ಭಾಯಿ. ಮೂರಡಿಯ ಸಸಿ ಸಾಕು ಎಂದ ನನ್ನ ಮಾತು ನಡೆಯಲಿಲ್ಲ. ಚೀಲ ಹರಿದಾಗ ಒಳಗೆ ಮಣ್ಣೇ ಕಾಣಲಿಲ್ಲ. ಬೇರು ಚೀಲದ ಗೋಡೆಗೆ ಹಗ್ಗದ ಸಿಂಬಿಯಂತೆ ಸುತ್ತಿಕೊಂಡಿತ್ತು. ಅದನ್ನು ಹಾಗೆಯೇ ನೆಟ್ಟರೆ ನೆಲದೊಳಗೂ ಅದೇ ಸಿಂಬಿ, ವರ್ಷಗಳ ನಂತರ ಕಾಂಡದ ಕುತ್ತಿಗೆ ಹಿಸುಕುತ್ತದೆ. ಸುತ್ತಿದ ಬೇರನ್ನು ಚೂಪಾದ ಚಾಕುವಿನಿಂದ ನಾಲ್ಕು ಕಡೆ ಸೀಳಿ ಬಿಡಿಸಿಯೇ ನೆಡಬೇಕು. ಕೊಳ್ಳುವಾಗ ಎತ್ತರ ನೋಡಬೇಡಿ, ಚೀಲದ ತಳ ನೋಡಿ. ಕಾಂಡ ಒಂದು ಅಂಗುಲ ದಪ್ಪವಿದ್ದರೆ ಬೇರು ಹಿಡಿಯಲು ಹತ್ತಿರ ಹತ್ತಿರ ಒಂದು ವರ್ಷ ಎಂದು ತಣ್ಣನೆಯ ದೇಶಗಳಲ್ಲಿ ಹೇಳುತ್ತಾರೆ. ನಮ್ಮ ಬಿಸಿಯಲ್ಲಿ ಇನ್ನೂ ಬೇಗ ಆದೀತು. ಹೇಗಿದ್ದರೂ ಸಣ್ಣ ಸಸಿ ಬೇಗ ಹಿಡಿದು ದೊಡ್ಡದನ್ನು ಹಿಂದೆ ಹಾಕುತ್ತದೆ.

ನೆಟ್ಟ ಮೇಲೆ ಊರುಗೋಲಿಗೆ ಸಡಿಲವಾಗಿ ಕಟ್ಟಿ. ಗಾಳಿಗೆ ಕಾಂಡ ಸ್ವಲ್ಪ ಅಲುಗಾಡಿದರೇ ಗಟ್ಟಿಯಾಗುವುದು. ನೀರನ್ನು ದಿನಕ್ಕೊಂದು ಚೊಂಬು ಚಿಮುಕಿಸುವ ಬದಲು ಮೊದಲ ಕೆಲವು ವಾರಗಳ ನಂತರ ಮೂರು ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕಿ. ಮೇಲ್ಮಣ್ಣು ಮಾತ್ರ ಒದ್ದೆಯಾದರೆ ಬೇರು ಮೇಲೆಯೇ ಉಳಿದು ಏಪ್ರಿಲ್‌ನಲ್ಲಿ ಸುಟ್ಟುಹೋಗುತ್ತದೆ. ತರಗೆಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲವಾದರೆ ಗೆದ್ದಲು ಬರುತ್ತದೆ.

1914ರಲ್ಲಿ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಹತ್ತಿತು. ಹಿಂದೂಸ್ತಾನದಲ್ಲಿದ್ದ ಜರ್ಮನರೆಲ್ಲ ಒಂದೇ ದಿನದಲ್ಲಿ ಶತ್ರುಗಳಾದರು. ಮಂಗಳೂರಿನ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು: ಬಾಸೆಲ್ ಮಿಷನ್ನಿನ ಜರ್ಮನರನ್ನು ಹಿಡಿದಿಟ್ಟರು, ಕಡೆಗೆ ಅವರ ಹಂಚಿನ ಕಾರ್ಖಾನೆ, ಮಗ್ಗದ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೃಂಬಿಗಲ್ ಆ ಯುದ್ಧ ಮುಗಿದ ಮೇಲೂ ಮೈಸೂರಿನ ಸೇವೆಯಲ್ಲಿದ್ದು 1932ರಲ್ಲಿ ನಿವೃತ್ತರಾದರು. ಆಗ ಅರುವತ್ತಾರು ವರ್ಷ. ಊರಿಗೆ ಹಿಂತಿರುಗಬಹುದಿತ್ತು, ಹೋಗಲಿಲ್ಲ. ಬೆಂಗಳೂರಿನಲ್ಲೇ ಇದ್ದು ತೋಟ, ನಗರ ವಿನ್ಯಾಸಗಳ ಸಲಹೆಗಾರರಾಗಿ ದುಡಿದರು.

1939ರಲ್ಲಿ ಎರಡನೇ ಯುದ್ಧ ಬಂತು. ಮೊದಲ ಯುದ್ಧ ದಾಟಿದ್ದ ಮುದುಕರನ್ನು ಈ ಸಲ ಬಿಡಲಿಲ್ಲ. ಮೂವತ್ತು ವರ್ಷ ಆ ಊರಿನ ಬೀದಿಗೆ ನೆರಳು ಹಂಚಿದವರನ್ನು ಬೆಂಗಳೂರಿನಲ್ಲೇ, ಜರ್ಮನರನ್ನು ಕೂಡಿಹಾಕಿದ್ದ ಶಿಬಿರದಲ್ಲಿ ಇಟ್ಟರು. ಎಪ್ಪತ್ತು ದಾಟಿದ ವಯಸ್ಸು. ಹೊರಗಿನವರು ಯಾರು, ಒಳಗಿನವರು ಯಾರು ಎಂಬ ಪ್ರಶ್ನೆ ನಾವು ಕೆಲಸ ಮಾಡುವ ಊರುಗಳಲ್ಲೂ ಆಗಾಗ ಏಳುತ್ತದೆ. ಚುನಾವಣೆ ಹತ್ತಿರ ಬಂದಾಗ ಸ್ವಲ್ಪ ಜೋರಾಗಿ. ರೇಷನ್ ಕಾರ್ಡು, ಭಾಷೆ, ಅಡ್ಡಹೆಸರು ನೋಡಿ ತೀರ್ಮಾನವಾಗುತ್ತದೆ. ಕೃಂಬಿಗಲ್ ಶಿಬಿರದಿಂದ ಹೊರಬಂದ ಮೇಲೂ ಬೆಂಗಳೂರು ಬಿಡಲಿಲ್ಲ. ಸ್ವಾತಂತ್ರ್ಯ ಬಂದದ್ದನ್ನು, ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿದ್ದನ್ನು ಅಲ್ಲೇ ಕಂಡರು. 1956ರ ಫೆಬ್ರವರಿ 8ರಂದು, ತೊಂಬತ್ತು ತುಂಬಿದ ಮೇಲೆ, ಅಲ್ಲೇ ತೀರಿಕೊಂಡರು. ಕನ್ನಡ ಮಾತಾಡುವ ಪ್ರದೇಶಗಳು ಒಂದು ರಾಜ್ಯವಾಗಲು ಇನ್ನು ಒಂಬತ್ತು ತಿಂಗಳೂ ಇರಲಿಲ್ಲ. ಸಮಾಧಿ ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿದೆ. ಲಾಲ್‌ಬಾಗಿನೊಳಗೆ ಅವರ ಹೆಸರಿನಲ್ಲಿದ್ದ ಹಳೆಯ ಕಟ್ಟಡ 2017ರ ಮಳೆಗೆ ಕುಸಿಯಿತು. ಮರಗಳು ಕಟ್ಟಡಕ್ಕಿಂತ ಹೆಚ್ಚು ದಿನ ನಿಂತಿವೆ.

ಬಾಡಿಗೆ ಮನೆಯಲ್ಲಿರುವವರು ಗಿಡ ನೆಟ್ಟು ಏನು ಪ್ರಯೋಜನ, ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಆಗುತ್ತದಲ್ಲ ಎಂದು ಕೇಳುತ್ತಾರೆ. ಕೃಂಬಿಗಲ್ ಕೂಡ ಬರೋಡಾ ಬಿಟ್ಟು ಹೋದರು. ಅವರ ಗಿಡಗಳಿಗೆ ಆಮೇಲೆ ಬೇರೆಯವರು ನೀರು ಹಾಕಿದರು. ಸಸಿಗೆ ಬೇಕಾದದ್ದು ನಿಮ್ಮ ಇಡೀ ಆಯುಷ್ಯವಲ್ಲ, ಎರಡು ಬೇಸಿಗೆ. ಮೊದಲ ಬೇಸಿಗೆಯಲ್ಲಿ ಊರಿಗೆ ರಜೆ ಹೋಗುವಾಗ ನೀರು ಹಾಕುವವರನ್ನು ಗೊತ್ತು ಮಾಡಿಯೇ ರೈಲು ಹತ್ತಿ, ಏಕೆಂದರೆ ಹೆಚ್ಚಿನ ಗಿಡಗಳು ಸಾಯುವುದು ನಾವು ಮೇ ತಿಂಗಳಲ್ಲಿ ಊರಲ್ಲಿ ಮಾವಿನಹಣ್ಣು ತಿನ್ನುತ್ತಿರುವಾಗ. ಎರಡನೆಯದಕ್ಕೆ ವಾರಕ್ಕೊಂದು ಸಲ ಸಾಕು. ಅಷ್ಟರಲ್ಲಿ ಮನೆ ಬದಲಿಸಬೇಕಾಗಿ ಬಂದರೆ ಹೊಸದಾಗಿ ಬರುವವರಿಗೆ ಬೀಗದ ಕೈ ಜತೆ ಒಂದು ಚೀಟಿ ಕೊಡಿ: ಯಾವ ಗಿಡ, ಯಾವ ತಿಂಗಳು ನೆಟ್ಟದ್ದು, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಬಕೆಟ್ ನೀರು.